ಎಣಿಸುವ ಮುನ್ನ ಕೇಳಬೇಕಾದ ಪ್ರಶ್ನೆ

ಮನೆ ಬಾಗಿಲಿಗೆ ಯಾರೋ ಬಂದು ‘ಎಷ್ಟು ಜನ ಮಕ್ಕಳು? ಯಾವ ಶಾಲೆ? ಮನೆ ಸ್ವಂತದ್ದೋ ಬಾಡಿಗೆಯೋ?’ ಎಂದು ಕೇಳಿ ಬರೆದುಕೊಂಡು ಹೋಗುವುದು ಬಳ್ಳಾರಿ ಸೀಮೆಗೆ ಹೊಸದಲ್ಲ. ಜನಗಣತಿಯವರು ಬರುತ್ತಾರೆ, ಅಂಗನವಾಡಿ ಟೀಚರು ಬರುತ್ತಾರೆ, ಶಾಲೆಯ ಮೇಷ್ಟ್ರು ಬರುತ್ತಾರೆ. ಇವರ ಜೊತೆಗೆ ಹೆಗಲಿಗೆ ಚೀಲ ಹಾಕಿಕೊಂಡ ಸ್ವಯಂಸೇವಾ ಸಂಸ್ಥೆಗಳ ಹುಡುಗ ಹುಡುಗಿಯರು. ಎಲ್ಲರಿಗೂ ಉತ್ತರ ಕೊಟ್ಟದ್ದಾಗುತ್ತದೆ. ನೀರು, ಚಹ ಕೊಟ್ಟದ್ದೂ ಆಗುತ್ತದೆ. ಆದರೆ ಬರೆದುಕೊಂಡು ಹೋದ ಹಾಳೆ ಮುಂದೇನಾಯಿತು ಎಂದು ತಿರುಗಿ ಬಂದು ಹೇಳಿದವರು ಎಷ್ಟು ಮಂದಿ?

ಹೆಚ್ಚಿನ ಸಂಸ್ಥೆಗಳಲ್ಲಿ ಆ ಹಾಳೆ ಮೊದಲು ಕಂಪ್ಯೂಟರಿಗೆ ಹೋಗುತ್ತದೆ, ಅಲ್ಲಿಂದ ಹಣ ಕೊಟ್ಟವರಿಗೆ ಕಳಿಸುವ ವರದಿಗೆ, ಕೊನೆಗೆ ಬೀರುವಿಗೆ. ಅರವತ್ತು ಪ್ರಶ್ನೆ ಕೇಳಿ ಆರಕ್ಕಷ್ಟೇ ಕೆಲಸ ಕೊಟ್ಟಿರುತ್ತಾರೆ. ಸೇವಾ ಸಂಸ್ಥೆಗಳಿಗೂ ಒಂದು ಮಾಹಿತಿ ನೀತಿ ಬೇಕು ಎನ್ನುವ ಮಾತು ಈಗ ಎಲ್ಲೆಡೆ ಕೇಳಿಬರುತ್ತಿರುವುದು ಈ ಕಾರಣಕ್ಕೇ. ಹೆಸರು ದೊಡ್ಡದು, ವಿಷಯ ಸರಳ: ಯಾವ ತೀರ್ಮಾನಕ್ಕಾಗಿ ಎಣಿಸುತ್ತಿದ್ದೇವೆ, ಯಾರನ್ನು, ಯಾವಾಗ, ಎಣಿಸಿದ ಮೇಲೆ ಅದನ್ನು ಯಾರಿಗೆ ಹೇಳುತ್ತೇವೆ, ಯಾರಿಂದ ಕಾಪಾಡುತ್ತೇವೆ. ಇಷ್ಟನ್ನು ಪ್ರಶ್ನಾವಳಿ ಅಚ್ಚು ಹಾಕಿಸುವ ಮೊದಲೇ ಕುಳಿತು ತೀರ್ಮಾನಿಸುವುದು.

ಇದನ್ನು ಮಾಡಿ ತೋರಿಸಿದ ಒಂದು ಉದಾಹರಣೆ ನಮ್ಮ ಕಣ್ಣೆದುರಿಗೇ ಇದೆ. 1990ರ ದಶಕದಲ್ಲಿ ಮುಂಬಯಿಯ ಕೊಳೆಗೇರಿಗಳಲ್ಲಿ ಕೆಲಸ ಆರಂಭಿಸಿದ ‘ಪ್ರಥಮ್’ ಸಂಸ್ಥೆ 2005ರಲ್ಲಿ ದೇಶದ ಗ್ರಾಮೀಣ ಜಿಲ್ಲೆಗಳಲ್ಲಿ ಒಂದು ಸಮೀಕ್ಷೆಗೆ ಕೈ ಹಾಕಿತು. ಅದೇ ‘ಅಸರ್’. ಹಿಂದಿಯಲ್ಲಿ ಈ ಶಬ್ದಕ್ಕೆ ಪರಿಣಾಮ ಎಂದರ್ಥ. 2014ರವರೆಗೆ ಪ್ರತಿ ವರ್ಷವೂ, ಆಮೇಲೆ ಕೆಲವು ವರ್ಷಗಳಿಗೊಮ್ಮೆಯೂ ಇದು ನಡೆದಿದೆ. 2024ರ ಸುತ್ತಿನಲ್ಲಿ 605 ಜಿಲ್ಲೆಗಳ 17,997 ಹಳ್ಳಿಗಳಲ್ಲಿ ಆರೂವರೆ ಲಕ್ಷದಷ್ಟು ಮಕ್ಕಳನ್ನು ಭೇಟಿ ಮಾಡಲಾಯಿತು. ಬಳ್ಳಾರಿಯೂ ಈ ಸಮೀಕ್ಷೆಯ ಜಿಲ್ಲೆಗಳಲ್ಲಿ ಒಂದು. ಮನೆ ಮನೆಗೆ ಹೋಗುವವರು ದೆಹಲಿಯ ತಜ್ಞರಲ್ಲ. ಆಯಾ ಜಿಲ್ಲೆಯ ಕಾಲೇಜು ವಿದ್ಯಾರ್ಥಿಗಳು, ಶಿಕ್ಷಕರ ತರಬೇತಿ ಸಂಸ್ಥೆಗಳವರು, ಸ್ಥಳೀಯ ಸಂಘಗಳ ಕಾರ್ಯಕರ್ತರು.

<b>ಒಂದೇ ಹಾಳೆಯ ಪರೀಕ್ಷೆ</b>

ಅಸರ್‌ನ ಜಾಣತನ ಇರುವುದು ಅದರ ಪುಟ್ಟ ಸಾಮಗ್ರಿಯಲ್ಲಿ. ಒಂದು ಹಾಳೆಯಲ್ಲಿ ಅಕ್ಷರಗಳು, ಪದಗಳು, ಒಂದನೇ ತರಗತಿಯ ಮಟ್ಟದ ನಾಲ್ಕು ವಾಕ್ಯ, ಎರಡನೇ ತರಗತಿಯ ಮಟ್ಟದ ಒಂದು ಸಣ್ಣ ಕಥೆ. ಮಗುವನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಎಲ್ಲಿಯವರೆಗೆ ಸರಾಗವಾಗಿ ಓದುತ್ತದೆ ಎಂದು ನೋಡುವುದು. ಲೆಕ್ಕದಲ್ಲೂ ಹಾಗೆಯೇ: ಅಂಕಿ ಗುರುತಿಸುವುದು, ಎರಡಂಕಿಯ ಕಳೆಯುವ ಲೆಕ್ಕ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು. ಐದನೇ ತರಗತಿಯ ಹುಡುಗನಿಗೂ ಇದೇ ಹಾಳೆ, ಎಂಟನೆಯವಳಿಗೂ ಇದೇ ಹಾಳೆ.

ಪರೀಕ್ಷೆ ನಡೆಯುವುದು ಶಾಲೆಯಲ್ಲಲ್ಲ, ಮನೆಯಲ್ಲಿ. ಶಾಲೆಗೆ ಹೋಗಿ ಎಣಿಸಿದರೆ ಶಾಲೆಗೆ ಬಂದವರಷ್ಟೇ ಸಿಗುತ್ತಾರೆ ಎನ್ನುವುದು ಒಂದು ಕಾರಣ. ಇನ್ನೊಂದು ಅದಕ್ಕಿಂತ ಮುಖ್ಯವಾದದ್ದು: ಮನೆಯ ಜಗಲಿಯ ಮೇಲೆ ಮಗ ತಡವರಿಸಿದ್ದನ್ನು ತಾಯಿ ತಾನೇ ನೋಡುತ್ತಾಳೆ. ಆಕೆಗೆ ಅಕ್ಷರ ಬರದಿದ್ದರೂ, ಮಗನಿಗೆ ಓದು ಬರುತ್ತಿಲ್ಲ ಎಂಬುದು ಅರ್ಥವಾಗುತ್ತದೆ. ದಪ್ಪ ವರದಿ ಬರಲು ತಿಂಗಳುಗಳು ಬೇಕು. ಈ ವರದಿ ಆಗಲೇ ಮುಟ್ಟಿಯಾಯಿತು.

ಈ ಎಣಿಕೆಯ ಬೆನ್ನಿಗೆ ಒಂದು ಕೆಲಸವೂ ಇದೆ. ಮಕ್ಕಳನ್ನು ತರಗತಿಯ ಪ್ರಕಾರ ಅಲ್ಲ, ಓದಿನ ಮಟ್ಟದ ಪ್ರಕಾರ ಗುಂಪು ಮಾಡಿ ದಿನದಲ್ಲಿ ಸ್ವಲ್ಪ ಹೊತ್ತು ಕಲಿಸುವ ಪದ್ಧತಿಯನ್ನು ಪ್ರಥಮ್ ಬೆಳೆಸಿತು. ಅಕ್ಷರದ ಹಂತದಲ್ಲಿರುವವರು ಒಂದೆಡೆ, ಪದದ ಹಂತದವರು ಇನ್ನೊಂದೆಡೆ. ಅಂದರೆ ಇವತ್ತು ಬರೆದುಕೊಂಡ ಅಂಕಿ ನಾಳೆ ಬೆಳಿಗ್ಗೆ ಯಾರು ಎಲ್ಲಿ ಕೂರಬೇಕೆಂದು ಹೇಳುತ್ತದೆ. ಬೆಂಗಳೂರಿನ ಅಕ್ಷರ ಪ್ರತಿಷ್ಠಾನ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನಡೆಸಿಕೊಂಡು ಬಂದ ಗಣಿತ ಸ್ಪರ್ಧೆಗಳೂ ಇದೇ ದಾರಿಯವು. 4, 5, 6ನೇ ತರಗತಿಯ ಮಕ್ಕಳ ಲೆಕ್ಕ ಊರಿನವರ ಮುಂದೆಯೇ ಬಯಲಿಗೆ ಬರುತ್ತದೆ.

ಅಸರ್ ಹೊರಗೆಡವಿದ ಸತ್ಯ ಸುಖದ್ದೇನಲ್ಲ. 2024ರಲ್ಲಿ ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಶೇ 23.4. ಕೊರೊನಾ ಕಾಲದ ನಂತರ 2022ರಲ್ಲಿ ಇದು ಶೇ 16.3ಕ್ಕೆ ಇಳಿದಿತ್ತು, 2018ರಲ್ಲಿ ಶೇ 20.9 ಇತ್ತು. ಒಂದೇ ಹಾಳೆಯನ್ನು ವರ್ಷಗಟ್ಟಲೆ ಹಿಡಿದುಕೊಂಡು ಕೂತಿದ್ದರಿಂದಲೇ ಬಿದ್ದದ್ದೂ ಎದ್ದದ್ದೂ ಕಾಣಿಸಿತು. ವರ್ಷಕ್ಕೊಂದು ಹೊಸ ಪ್ರಶ್ನಾವಳಿ ಮಾಡುವ ಸಂಸ್ಥೆಗೆ ಈ ಭಾಗ್ಯವಿಲ್ಲ.

<b>ಕುರುಗೋಡು ಎಲ್ಲಿ ಹೋಯಿತು?</b>

ಹಾಗೆಂದು ಅಸರ್‌ನ ಅಂಕಿಯನ್ನು ಎಲ್ಲದಕ್ಕೂ ಎಳೆದು ತರುವಂತಿಲ್ಲ. ಒಂದು ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ. ಒಟ್ಟು 600 ಮನೆಗಳು. ಈಗಿನ ಬಳ್ಳಾರಿ ಜಿಲ್ಲೆಯಲ್ಲಿ ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಕಂಪ್ಲಿ, ಸಂಡೂರು ಎಂಬ ಐದು ತಾಲ್ಲೂಕುಗಳಿವೆ. ಸಮವಾಗಿ ಹಂಚಿದರೂ ತಾಲ್ಲೂಕಿಗೆ 120 ಮನೆ. ಅದರಲ್ಲಿ ಮೂರನೇ ತರಗತಿಯ ಮಕ್ಕಳು ಬೆರಳೆಣಿಕೆಯಷ್ಟು. ಜಿಲ್ಲೆಯ ಅಂಕಿ ಹಿಡಿದು ‘ನಮ್ಮ ಕುರುಗೋಡಿನ ಮಕ್ಕಳು ಹೀಗೆ’ ಎನ್ನುವ ಸಂಸ್ಥೆ ತನಗೇ ಮೋಸ ಮಾಡಿಕೊಂಡಂತೆ.

ಕುರುಗೋಡಿನ ಕಥೆಯೇ ಒಂದು ಪಾಠ. 2017ರ ರಾಜ್ಯ ಬಜೆಟ್ಟಿನಲ್ಲಿ ಹೊಸ ತಾಲ್ಲೂಕೆಂದು ಘೋಷಣೆಯಾಗುವ ಮೊದಲು ಅದು ಬಳ್ಳಾರಿ ತಾಲ್ಲೂಕಿನೊಳಗಿತ್ತು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ಪ್ರಾದೇಶಿಕ ಅಸಮತೋಲನದ ವರದಿ ರಾಜ್ಯದ ಅಂದಿನ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು 114 ಹಿಂದುಳಿದಿವೆ ಎಂದಿತು. ಕನ್ನಡ ನಾಡಿನಲ್ಲಿ ಅಂಕಿ-ಅಂಶ ರಾಜಕೀಯದ ಮಾತನ್ನೇ ಬದಲಿಸಿದ ದೊಡ್ಡ ಸಂದರ್ಭ ಅದು. ಆದರೆ ಆ ಪಟ್ಟಿಯಲ್ಲಿ ಕುರುಗೋಡು ಎಂಬ ಸಾಲು ಇರಲು ಸಾಧ್ಯವೇ ಇರಲಿಲ್ಲ. ಅದರ ಹಳ್ಳಿಗಳು ಬಳ್ಳಾರಿ ನಗರದ ಆಸ್ಪತ್ರೆ, ಬ್ಯಾಂಕು, ಕಾಲೇಜುಗಳ ಜೊತೆ ಬೆರೆತು ಸರಾಸರಿಯಾಗಿದ್ದವು. ಮುಂದೆ 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ‘ಬಳ್ಳಾರಿ ಜಿಲ್ಲೆ’ ಎಂಬ ಹೆಸರಿನ ಅರ್ಥವೇ ಬದಲಾಯಿತು. 2018ರ ಬಳ್ಳಾರಿಯನ್ನು 2024ರ ಬಳ್ಳಾರಿಯ ಪಕ್ಕ ಇಟ್ಟು ‘ಸುಧಾರಣೆ’ ಎನ್ನುವವರು, ಹೊಸಪೇಟೆ, ಹಡಗಲಿ, ಕೂಡ್ಲಿಗಿಗಳು ಈಗ ಆಚೆಗಿವೆ ಎಂಬುದನ್ನು ನೆನೆಯಬೇಕು.

ಇನ್ನು ಬಳ್ಳಾರಿ ನಗರ. 2011ರ ಜನಗಣತಿಯಲ್ಲೇ ನಾಲ್ಕು ಲಕ್ಷ ದಾಟಿದ ಊರು. ಅಸರ್ ಗ್ರಾಮೀಣ ಸಮೀಕ್ಷೆಯಾದ್ದರಿಂದ ಕೌಲ್ ಬಜಾರಿನ ಮಗುವಾಗಲಿ, ಜೀನ್ಸ್ ಹೊಲಿಗೆಯ ಮನೆಗಳ ಮಗುವಾಗಲಿ ಅದರಲ್ಲಿ ಇಲ್ಲ. ನಗರದಲ್ಲಿ ಕೆಲಸ ಮಾಡುವ ಸಂಸ್ಥೆ ತನ್ನ ಎಣಿಕೆಯನ್ನು ತಾನೇ ಮಾಡಬೇಕು. ಹಾಳೆ ಅದೇ ಆಗಬಹುದು. ಆದರೆ ಯಾವ ಓಣಿ, ಎಷ್ಟನೇ ಮನೆ ಎಂಬುದನ್ನು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಪರಿಚಯದವರ ಮನೆಗಳಿಗಷ್ಟೇ ಹೋಗಿ ಬಂದರೆ ಸಿಗುವುದು ಸಮೀಕ್ಷೆಯಲ್ಲ, ಕುಶಲ ಸಮಾಚಾರ. ಅಸರ್ ಕಾರ್ಯಕರ್ತರು ಹಳ್ಳಿಗೆ ಕಾಲಿಟ್ಟ ಕೂಡಲೇ ಊರು ಸುತ್ತಿ ನಕ್ಷೆ ಬರೆದು, ನಾಲ್ಕು ಭಾಗ ಮಾಡಿ, ಪ್ರತಿ ಭಾಗದಲ್ಲೂ ಐದನೆಯ ಮನೆ, ಐದನೆಯ ಮನೆ ಎಂದು ಎಣಿಸುತ್ತ ಹೋಗುವುದು ಕೇರಿಯ ಕೊನೆಯ ಗುಡಿಸಲೂ ಪಾಲಿಗೆ ಬರಲಿ ಎಂದೇ.

<b>ಹೇಳುವ ಮುನ್ನ ಕೇಳಿ</b>

ತಂದೆ ತಾಯಿಯರ ಪಾಲಿನ ಮಾತೂ ಇದೆ. ಮಗುವಿನ ಹೆಸರು, ಫೋಟೊ, ಆಧಾರ್ ಸಂಖ್ಯೆ, ಜಾತಿ ಇವೆಲ್ಲ ಈಗ ಮೊಬೈಲಿಗೆ ಸೇರುತ್ತಿವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಖಚಿತ ಒಪ್ಪಿಗೆ ಬೇಕೆನ್ನುತ್ತದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂತೆ ರೂಪಿಸಲಾಗಿದೆ. ಕಾನೂನು ಒತ್ತಟ್ಟಿಗಿರಲಿ, ‘ಇದು ಯಾತಕ್ಕಪ್ಪಾ, ಯಾರಿಗೆ ತೋರಿಸ್ತೀರಿ?’ ಎಂದು ಬಾಗಿಲಲ್ಲೇ ಕೇಳಲು ಯಾವ ಕಾಯ್ದೆಯೂ ಬೇಕಿಲ್ಲ. ಮಗು ಕಥೆ ಓದಬಲ್ಲದೇ ಎಂದು ತಿಳಿಯಲು ಆಧಾರ್ ಸಂಖ್ಯೆಯ ಅಗತ್ಯವಿಲ್ಲ. ಅಸರ್ ವರದಿಯಲ್ಲಿ ಯಾವ ಮಗುವಿನ ಹೆಸರೂ ಇಲ್ಲ.

ಸಮೀಕ್ಷೆಗೆ ಹೋಗುವ ಕಾಲೇಜು ಹುಡುಗರಿಗೂ ಒಂದು ಮಾತು: ಉತ್ತರ ಸಿಗದಿದ್ದಲ್ಲಿ ಖಾಲಿ ಬಿಡಿ. ಸಂಜೆ ಬಸ್ಸಿನಲ್ಲಿ ಕೂತು ಅಂದಾಜಿನಿಂದ ತುಂಬಿಸಿದ ಒಂದು ಮನೆ ಉಳಿದ ಹತ್ತೊಂಬತ್ತನ್ನೂ ಕೆಡಿಸುತ್ತದೆ.

<b>ಸಿರುಗುಪ್ಪದ ಸುಗ್ಗಿ</b>

ಯಾರನ್ನು ಎಣಿಸುತ್ತೇವೆ ಎಂಬಷ್ಟೇ ಮುಖ್ಯ, ಯಾವಾಗ ಎಣಿಸುತ್ತೇವೆ ಎಂಬುದು. ತುಂಗಭದ್ರೆಯ ನೀರುಂಡ ಸಿರುಗುಪ್ಪ ಭತ್ತಕ್ಕೆ ಹೆಸರಾದ ತಾಲ್ಲೂಕು. ಹತ್ತಿ, ಮೆಣಸಿನಕಾಯಿಯೂ ಉಂಟು. ಹಣ್ಣಾದ ಮೆಣಸಿನಕಾಯಿ ಬಿಡಿಸಲು ಕೈಗಳು ಬೇಕು, ಬೇಗ ಬೇಕು. ಇಡೀ ಮನೆಯವರು ಹೊಲಕ್ಕೆ ಹೋದಾಗ ದೊಡ್ಡ ಮಗಳು ಶಾಲೆಯಲ್ಲಿರುತ್ತಾಳೆಯೇ, ಹೊಲದಲ್ಲಿರುತ್ತಾಳೆಯೇ, ತಮ್ಮನನ್ನು ನೋಡಿಕೊಳ್ಳುತ್ತಿರುತ್ತಾಳೆಯೇ? ದಾಖಲಾತಿ ಪುಸ್ತಕದಲ್ಲಿ ಅವಳ ಹೆಸರು ಇದ್ದೇ ಇರುತ್ತದೆ.

ಎಷ್ಟು ದಿನ ಬಾರದಿದ್ದರೆ ಮಗು ಶಾಲೆಯಿಂದ ಹೊರಗುಳಿದಂತೆ? ಏಳು ದಿನ ಎಂದರೆ ಒಂದು ಲೆಕ್ಕ, ಅರವತ್ತು ದಿನ ಎಂದರೆ ಇನ್ನೊಂದು, ಮಕ್ಕಳು ಅವರೇ. ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ ಪತ್ರಿಕಾ ವರದಿ ನೋಡಿ ಕರ್ನಾಟಕ ಹೈಕೋರ್ಟ್ 2013ರಲ್ಲಿ ತಾನಾಗಿಯೇ ಪ್ರಕರಣ ದಾಖಲಿಸಿಕೊಂಡಿತು. ಅಂಥ ಮಕ್ಕಳನ್ನು ಹುಡುಕಲು ಹೊರಟವರಿಗೆಲ್ಲ ಈ ವ್ಯಾಖ್ಯೆಯ ಪ್ರಶ್ನೆ ಎದುರಾಗುತ್ತದೆ.

ಅಸರ್ ತಂಡಗಳು ಹಳ್ಳಿಗೆ ಬರುವುದು ಸಾಮಾನ್ಯವಾಗಿ ಸೆಪ್ಟೆಂಬರಿನಿಂದ ನವೆಂಬರಿನ ನಡುವೆ. ಆಗ ಮೆಣಸಿನ ಗಿಡ ಇನ್ನೂ ಹಸಿರು. ಸುಗ್ಗಿಯ ಗೈರುಹಾಜರಿಯನ್ನು ಕಾಣಬೇಕೆಂದರೆ ಸಿರುಗುಪ್ಪದ ಸಂಸ್ಥೆಯೊಂದು ಜನವರಿಯಿಂದ ವಾರಕ್ಕೊಂದು ದಿನ, ಐದಾರು ಶಾಲೆಗಳಲ್ಲಿ, ಬಂದವರ ತಲೆ ಎಣಿಸಿದರೆ ಸಾಕು. ಬೇಕಾದ್ದು ಒಂದು ನೋಟುಬುಕ್ಕು. ಯಾವ ವಾರ ಬೆಂಚು ಖಾಲಿಯಾಗುತ್ತದೆ ಎಂದು ಗೊತ್ತಾದರೆ, ಸಂಜೆಯ ಪಾಠ ಯಾವ ವಾರ ಶುರುವಾಗಬೇಕೆಂಬುದೂ ಗೊತ್ತಾಗುತ್ತದೆ. ಬಿಡಿಸುವ ಕೆಲಸ ಮುಗಿಯುವುದು ಮಾರ್ಚಿನ ಹೊತ್ತಿಗೆ. ಶಾಲೆಯ ವಾರ್ಷಿಕ ಪರೀಕ್ಷೆಯೂ ಆಗಲೇ.