ಲಿನಕ್ಸ್ ಕರ್ನೆಲ್ ನೀತಿ ಸಂಹಿತೆ

ಲಿನಕ್ಸ್ ಕರ್ನೆಲ್ ನೀತಿ ಸಂಹಿತೆಯು ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್ ತಂತ್ರಾಂಶವನ್ನು ಒಟ್ಟುಗೂಡಿ ರಚಿಸುವವರು ಪರಸ್ಪರ ಪಾಲಿಸಬೇಕಾದ ನಡವಳಿಕೆಯ ನಿಯಮಾವಳಿ. ಇದು 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದಿತು.

ಹಿನ್ನೆಲೆ

ಕರ್ನೆಲ್‌ಗೆ ಸೇರಬೇಕಾದ ಬದಲಾವಣೆಗಳನ್ನು ಇತರರು ಬಹಿರಂಗವಾಗಿ ಪರಿಶೀಲಿಸುತ್ತಾರೆ. ಅಲ್ಲಿ ದೋಷಗಳನ್ನು ತೋರಿಸುವುದು ಅನಿವಾರ್ಯ. ಆದರೆ ಟೀಕೆಯು ಕೋಡ್ ಅನ್ನು ಬಿಟ್ಟು ಅದನ್ನು ಬರೆದವರ ಮೇಲೆ ತಿರುಗಿದ್ದರಿಂದ ಕೆಲವರು ಕೆಲಸವನ್ನೇ ತೊರೆದರು. 2015ರಲ್ಲಿ ಬಂದ ಮೊದಲ ನಿಯಮಾವಳಿಯು ಬಹಳ ಸಂಕ್ಷಿಪ್ತವಾಗಿತ್ತು. 2018ರಲ್ಲಿ ಲಿನಕ್ಸ್‌ನ ಜನಕ ಲೈನಸ್ ಟೋರ್ವಾಲ್ಡ್ಸ್ ತಮ್ಮ ಕಟುಮಾತುಗಳಿಗಾಗಿ ಕ್ಷಮೆ ಕೋರಿ, ಕೆಲವು ವಾರಗಳ ಕಾಲ ಕೆಲಸದಿಂದ ದೂರವಿದ್ದರು.

ನಿಯಮಗಳು

ಕೊರಲೈನ್ ಅಡಾ ಎಮ್ಕಿ 2014ರಲ್ಲಿ ರಚಿಸಿದ ‘ಕಾಂಟ್ರಿಬ್ಯೂಟರ್ ಕವನೆಂಟ್’ ಇದಕ್ಕೆ ಆಧಾರ. ಭಿನ್ನಾಭಿಪ್ರಾಯಗಳನ್ನು ಗೌರವಿಸುವುದು, ರಚನಾತ್ಮಕ ಟೀಕೆಯನ್ನು ಸೌಜನ್ಯದಿಂದ ಸ್ವೀಕರಿಸುವುದು ಅಪೇಕ್ಷಿತ. ವೈಯಕ್ತಿಕ ನಿಂದನೆ, ಕಿರುಕುಳ ಹಾಗೂ ಅನುಮತಿಯಿಲ್ಲದೆ ಇತರರ ಖಾಸಗಿ ಮಾಹಿತಿಯನ್ನು ಪ್ರಕಟಿಸುವುದು ನಿಷಿದ್ಧ. ದೂರುಗಳನ್ನು ಪ್ರತ್ಯೇಕ ಸಮಿತಿಯೊಂದು ಪರಿಶೀಲಿಸುತ್ತದೆ. ದೋಷಯುಕ್ತ ಬದಲಾವಣೆಗಳನ್ನು ತಿರಸ್ಕರಿಸುವ ಅಧಿಕಾರವು ನಿರ್ವಾಹಕರಿಗೆ ಹಿಂದಿನಂತೆಯೇ ಇದೆ.