‘ಗ್ರೇನ್’: ಪದ ಒಂದು, ಅಳತೆ ಹಲವು

ಸಿಂಧನೂರಿನ ಅಕ್ಕಿ ಗಿರಣಿ, ಹಟ್ಟಿಯ ಚಿನ್ನದ ಗಣಿ, ಮುದಗಲ್ ಸುತ್ತಮುತ್ತಲಿನ ಕಲ್ಲಿನ ಕ್ವಾರಿ. ಈ ಮೂರಕ್ಕೂ ಇರುವ ಸಂಬಂಧವೇನೆಂದು ಕೇಳಿದರೆ, ಮೂರೂ ರಾಯಚೂರು ಜಿಲ್ಲೆಯಲ್ಲಿವೆ ಎಂಬುದಕ್ಕಿಂತ ಹೆಚ್ಚಿನ ಉತ್ತರ ಸಾಮಾನ್ಯವಾಗಿ ದೊರೆಯಲಾರದು. ಆದರೆ ಇಂಗ್ಲಿಷಿನ ವ್ಯಾಪಾರ ಭಾಷೆಯಲ್ಲಿ ಈ ಮೂರೂ ಉದ್ಯಮಗಳು ಒಂದೇ ಪದವನ್ನು ಹಂಚಿಕೊಂಡಿವೆ. ಆ ಪದವೇ ‘ಗ್ರೇನ್’. ಅಕ್ಕಿಯವನಿಗೆ ಅದು ಕಾಳು, ಚಿನ್ನದವನಿಗೆ ತೂಕ, ಕಲ್ಲಿನವನಿಗೆ ಕಣ. ಹೊರರಾಜ್ಯ ಅಥವಾ ಹೊರದೇಶದ ಖರೀದಿದಾರರಿಂದ ಬರುವ ಆರ್ಡರುಗಳಲ್ಲಿ ಈ ಪದ ಕಂಡಾಗ ಅದರ ಹಿಂದೆ ಯಾವ ಅಳತೆ ಇದೆ ಎಂಬುದನ್ನು ತಿಳಿಯದಿದ್ದರೆ ಮಾಲು ವಾಪಸು ಬರುವ ಸಂಭವವಿದೆ.

ಲ್ಯಾಟಿನ್ ಭಾಷೆಯ ‘ಗ್ರಾನುಮ್’ ಎಂಬ ಶಬ್ದ ಇದರ ಮೂಲ. ಬೀಜ, ಕಾಳು ಎಂಬುದು ಅದರ ಅರ್ಥ. ಫ್ರೆಂಚ್ ಮೂಲಕ ಅದು ಇಂಗ್ಲಿಷಿಗೆ ಬಂದಿತು. ಇಂಗ್ಲಿಷಿನ ಅಚ್ಚ ಪದವಾದ ‘ಕಾರ್ನ್’ ಸಹ ಇದೇ ಬೇರಿನದು. ನಮ್ಮಲ್ಲಿ ಕಾರ್ನ್ ಎಂದರೆ ಮೆಕ್ಕೆಜೋಳವೆಂದೇ ರೂಢಿಯಾಗಿದೆ. ಇದು ಅಮೆರಿಕೆಯವರ ಬಳಕೆ. ಇಂಗ್ಲೆಂಡಿನಲ್ಲಿ ಆ ಮಾತು ಗೋಧಿಯನ್ನು, ಸ್ಕಾಟ್ಲೆಂಡಿನಲ್ಲಿ ಓಟ್ಸನ್ನು ಸೂಚಿಸುತ್ತಿತ್ತು. ಒಂದೊಂದು ಸೀಮೆಯ ಮುಖ್ಯ ಬೆಳೆಯೇ ಅಲ್ಲಿನ ‘ಕಾರ್ನ್’ ಆಯಿತು.

ಕನ್ನಡದಲ್ಲಿ ಇಷ್ಟೊಂದು ಹೊರೆಯನ್ನು ಒಂದೇ ಪದದ ಮೇಲೆ ಹೇರುವ ಪದ್ಧತಿ ಇಲ್ಲ. ಹೊಲದಲ್ಲಿ ಕಾಳು, ಬೆಂದ ಮೇಲೆ ಅಗುಳು, ಉಪ್ಪಾದರೆ ಹರಳು, ಮರವಾದರೆ ಎಳೆ. ಈ ಅನುಕೂಲವಿರುವುದರಿಂದಲೇ ಇಂಗ್ಲಿಷಿನ ಪದ ಎದುರಾದಾಗ ನಾವು ನಮಗೆ ಪರಿಚಿತವಾದ ಒಂದೇ ಅರ್ಥವನ್ನು ಹಿಡಿದು ಮುಂದೆ ಸಾಗುತ್ತೇವೆ.

ಮೊದಲು ಅಕ್ಕಿಯ ವಿಷಯ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ನಾಡಾಗಿರುವ ಸಿಂಧನೂರು ಭಾಗದ ಗಿರಣಿಗಳಿಗೆ ಇದು ನೇರವಾಗಿ ಸಂಬಂಧಿಸಿದ್ದು. ಸರ್ಕಾರದ ಬೆಂಬಲ ಬೆಲೆಯ ಖರೀದಿಯಲ್ಲಿ ಕಾಳಿನ ಉದ್ದವನ್ನು ಅಗಲದಿಂದ ಭಾಗಿಸಿದಾಗ 2.5 ಅಥವಾ ಅದಕ್ಕಿಂತ ಹೆಚ್ಚು ಬಂದರೆ ‘ಎ’ ದರ್ಜೆ, ಕಡಿಮೆ ಬಂದರೆ ಸಾಮಾನ್ಯ ದರ್ಜೆ. 2025–26ರ ಮುಂಗಾರು ಹಂಗಾಮಿಗೆ ಕ್ವಿಂಟಲಿಗೆ ಸಾಮಾನ್ಯ ಭತ್ತಕ್ಕೆ ರೂ. 2,369 ಮತ್ತು ‘ಎ’ ದರ್ಜೆಗೆ ರೂ. 2,389 ನಿಗದಿಯಾಯಿತು. ಈ ಇಪ್ಪತ್ತು ರೂಪಾಯಿಯ ಅಂತರವನ್ನು ನಿರ್ಧರಿಸುವುದು ಕಾಳಿನ ಆಕಾರವೇ.

ರಫ್ತಿನ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್, 1995ರ ತನ್ನ ಅಕ್ಕಿಯ ಮಾನದಂಡದಲ್ಲಿ ‘ಲಾಂಗ್ ಗ್ರೇನ್’, ‘ಮೀಡಿಯಂ ಗ್ರೇನ್’, ‘ಶಾರ್ಟ್ ಗ್ರೇನ್’ ಎಂಬ ವಿಂಗಡಣೆಗೆ ಮೂರು ವಿಧಾನಗಳನ್ನು ನೀಡಿ, ಆಯ್ಕೆಯನ್ನು ವ್ಯಾಪಾರಿಗಳಿಗೆ ಬಿಟ್ಟಿದೆ. ಮೊದಲನೆಯದು ಉದ್ದ–ಅಗಲಗಳ ಅನುಪಾತ, ಎರಡನೆಯದು ಕೇವಲ ಉದ್ದ, ಮೂರನೆಯದು ಇವೆರಡನ್ನೂ ಕೂಡಿಸಿ ನೋಡುವುದು. ನಮ್ಮ ಸಣ್ಣಕ್ಕಿಯ ಒಂದು ಕಾಳು 5.2 ಮಿ.ಮೀ. ಉದ್ದ, 2 ಮಿ.ಮೀ. ಅಗಲ ಇದೆಯೆಂದು ಭಾವಿಸೋಣ. ಅನುಪಾತ 2.6. ಭಾರತದ ವರ್ಗೀಕರಣದಲ್ಲಿ ಅದು ‘ಮೀಡಿಯಂ ಸ್ಲೆಂಡರ್’. ಕೋಡೆಕ್ಸಿನ ಮೊದಲ ವಿಧಾನದಲ್ಲಿಯೂ ಅದು ಮೀಡಿಯಂ. ಎರಡನೆಯ ವಿಧಾನದಲ್ಲಿ 6.2 ಮಿ.ಮೀ.ಗಿಂತ ಕಡಿಮೆ ಉದ್ದದ ಕಾಳೆಲ್ಲವೂ ಶಾರ್ಟ್. ಆದ್ದರಿಂದ ಅದೇ ಅಕ್ಕಿ ಅಲ್ಲಿ ‘ಶಾರ್ಟ್ ಗ್ರೇನ್’ ಆಗಿಬಿಡುತ್ತದೆ. ಶಾರ್ಟ್ ಗ್ರೇನ್ ಎಂದರೆ ಜಪಾನಿನ ಕಡೆಯ ದಪ್ಪನೆಯ, ಅಂಟುವ ಅಕ್ಕಿಯೆಂದು ತಿಳಿದ ಖರೀದಿದಾರನ ಕೈಗೆ ನಮ್ಮ ಉದುರುದುರಾದ ಸೋನಾ ಮಸೂರಿ ತಲುಪಿದರೆ ತಕರಾರು ಏಳದೆ ಇರದು. ಇದರಲ್ಲಿ ಯಾರ ಮೋಸವೂ ಇಲ್ಲ. ಒಪ್ಪಂದದಲ್ಲಿ ಪದವಿದೆ, ಮಿಲಿಮೀಟರ್ ಇಲ್ಲ, ಅಷ್ಟೇ.

ಇನ್ನು ತೂಕ. ಹಿಂದೆ ಯುರೋಪಿನಲ್ಲಿ ಧಾನ್ಯದ ಕಾಳನ್ನೇ ತೂಕಕ್ಕೆ ಆಧಾರವಾಗಿ ಇಟ್ಟುಕೊಂಡಿದ್ದರು. ನಮ್ಮ ಅಕ್ಕಸಾಲಿಗರು ಗುಲಗಂಜಿಯನ್ನು ಬಳಸುತ್ತಿದ್ದಂತೆ. ಇಂದಿನ ಲೆಕ್ಕದಲ್ಲಿ ಒಂದು ಗ್ರೇನ್ ಎಂದರೆ 64.79891 ಮಿಲಿಗ್ರಾಂ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ 1835ರ ಕಾಯಿದೆಯಂತೆ 180 ಗ್ರೇನ್ ತೂಗುತ್ತಿತ್ತು. ಅದೇ ಒಂದು ತೊಲ. ಇಂದಿಗೂ ಹಿರಿಯರು ತೊಲವನ್ನು 11.66 ಗ್ರಾಂ ಎನ್ನುವುದು ಈ ಲೆಕ್ಕದಿಂದಲೇ. ಹತ್ತು ಗ್ರಾಮನ್ನೇ ತೊಲವೆಂದು ಕರೆಯುವ ಅಂಗಡಿಯ ರೂಢಿ ನಂತರದ್ದು. ವಿದೇಶದ ಚಿನ್ನದ ದರ ಪ್ರಕಟವಾಗುವ ‘ಟ್ರಾಯ್ ಔನ್ಸ್’ ಎಂಬುದು 480 ಗ್ರೇನ್, ಅಂದರೆ ಸುಮಾರು 31.1 ಗ್ರಾಂ. ಕಿರಾಣಿ ಸಾಮಾನಿನ ಔನ್ಸ್ ಬೇರೆ, ಅದು 28.35 ಗ್ರಾಂ ಮಾತ್ರ.

ಕಲ್ಲಿಗೆ ಬಂದರೆ ‘ಗ್ರಾನೈಟ್’ ಎಂಬ ಹೆಸರೇ ಇಟಾಲಿಯನ್ ಭಾಷೆಯ ‘ಗ್ರಾನೀತೊ’, ಎಂದರೆ ಕಾಳುಕಾಳಾದದ್ದು, ಎಂಬುದರಿಂದ ಬಂದಿದೆ. ಬೀಜ ತುಂಬಿದ ದಾಳಿಂಬೆಯ ಇಂಗ್ಲಿಷ್ ಹೆಸರೂ, ರೇಷ್ಮೆ ಬಿತ್ತನೆ ಕೋಠಿಗಳಿಗೆ ಇರುವ ‘ಗ್ರೇನೇಜ್’ ಎಂಬ ಹೆಸರೂ ಇದೇ ಬಳಗದವು. ಮುದಗಲ್ ಭಾಗದ ಬೂದುಗಲ್ಲನ್ನು ಸಮೀಪದಿಂದ ನೋಡಿದರೆ ಬಿಳಿ, ಬೂದು, ಕಪ್ಪು ಹರಳುಗಳು ಒತ್ತಾಗಿ ಹೆಣೆದುಕೊಂಡಿರುವುದು ಬರಿಗಣ್ಣಿಗೇ ಕಾಣುತ್ತದೆ. ಹರಳು ಒಂದು ಮಿ.ಮೀ.ಗಿಂತ ಚಿಕ್ಕದಾದರೆ ‘ಫೈನ್ ಗ್ರೇನ್’, ಐದು ಮಿ.ಮೀ. ಮೀರಿದರೆ ‘ಕೋರ್ಸ್ ಗ್ರೇನ್’ ಎನ್ನುವುದು ಭೂವಿಜ್ಞಾನದಲ್ಲಿನ ರೂಢಿ. ಮಾರುಕಟ್ಟೆಯಲ್ಲಿ ‘ಬ್ಲ್ಯಾಕ್ ಗ್ರಾನೈಟ್’ ಎಂದು ಮಾರಾಟವಾಗುವ ಕಲ್ಲು ಬಹುಮಟ್ಟಿಗೆ ಡಾಲರೈಟ್ ಜಾತಿಯದು. ವ್ಯಾಪಾರದ ಹೆಸರೂ ಶಾಸ್ತ್ರದ ಹೆಸರೂ ಇಲ್ಲಿ ಬೇರೆಯಾಗಿವೆ.

ಆದರೆ ಕ್ವಾರಿಯ ಇಂಗ್ಲಿಷಿನಲ್ಲಿ ‘ಗ್ರೇನ್’ ಎಂದರೆ ಹರಳಿನ ಗಾತ್ರವಲ್ಲ, ಕಲ್ಲು ಸೀಳುವ ದಿಕ್ಕು. ಅತಿ ಸುಲಭವಾಗಿ ಸೀಳುವ ದಿಕ್ಕಿಗೆ ‘ರಿಫ್ಟ್’, ಅದರ ನಂತರದ್ದಕ್ಕೆ ‘ಗ್ರೇನ್’, ಕಠಿಣವಾದುದಕ್ಕೆ ‘ಹಾರ್ಡ್‌ವೇ’ ಎನ್ನುತ್ತಾರೆ. ಪೀಳಿಗೆಗಳಿಂದ ಬಂಡೆ ಒಡೆಯುತ್ತ ಬಂದ ನಮ್ಮ ಕಲ್ಲುಕುಟಿಗರಿಗೆ ಈ ದಿಕ್ಕುಗಳನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಉಳಿಯ ಸದ್ದಿನಿಂದಲೇ ಅವರು ಅರಿಯಬಲ್ಲರು. ಪತ್ರ ಓದುವ ಕಚೇರಿಯವರಿಗೆ ಮಾತ್ರ ಗೊಂದಲ. ‘ಗ್ರೇನಿಗೆ ಅನುಗುಣವಾಗಿ ಕತ್ತರಿಸಿ’ ಎಂದು ಆರ್ಡರಿನಲ್ಲಿದ್ದರೆ ಬ್ಲಾಕನ್ನು ಗರಗಸಕ್ಕೆ ಏರಿಸುವ ಮೊದಲು ದಿಕ್ಕನ್ನು ಬಾಣದ ಗುರುತಿನಿಂದ ತೋರಿಸುವ ನಕ್ಷೆಯನ್ನು ಖರೀದಿದಾರನಿಂದ ತರಿಸಿಕೊಳ್ಳುವುದು ಕ್ಷೇಮ. ಕತ್ತರಿಸಿದ ಸ್ಲ್ಯಾಬನ್ನು ಮತ್ತೆ ಬ್ಲಾಕಿಗೆ ಜೋಡಿಸಲಾಗದು.