ಹೆಬ್ಬಾಳದ ಹೆಸರೂ ಕಿತ್ತಯ್ಯನ ಕಲ್ಲೂ

ಮನೆತನದ ವಂಶಾವಳಿಯನ್ನು ಹೆಳವರು ಹೇಳುವರು. ಊರಿನ ವಂಶಾವಳಿಗೆ ಶಿಲಾಶಾಸನಗಳೇ ಆಧಾರ. ತನ್ನ ಕೆರೆಯ ನೀರನ್ನು ದಕ್ಷಿಣ ಪಿನಾಕಿನಿಗೆ ಹರಿಸುವ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿಗಾಗಿ ನೆಲವನ್ನು ಅಗೆಯುವಾಗ ವೀರಗಲ್ಲೊಂದು ದೊರೆಯಿತು. ಗಂಗದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಈ ಶಾಸನವು ಕಾದಿ ಮಡಿದ ಕಿತ್ತಯ್ಯನೆಂಬ ವೀರನನ್ನು ಸ್ಮರಿಸುತ್ತದೆ. ಪೆರ್ಬೊಳಲ್ ನಾಡನ್ನೂ ಹೆಸರಿಸುತ್ತದೆ. ‘ಪೆರ್’ ಎಂದರೆ ಹಿರಿದು, ‘ಪೊಳಲ್’ ಎಂದರೆ ಪಟ್ಟಣ. ಹಳಗನ್ನಡದ ಪಕಾರವು ಕಾಲಾಂತರದಲ್ಲಿ ಹಕಾರವಾದಂತೆ ಪೆರ್ಬೊಳಲ್ ಎಂಬುದು ಹೆಬ್ಬೊಳಲ್ ಆಗಿ, ಕಡೆಗೆ ಹೆಬ್ಬಾಳವೆಂದು ನಿಂತಿತು. ಕೆಂಪೇಗೌಡರು 1537ರಲ್ಲಿ ಬೆಂಗಳೂರನ್ನು ಕಟ್ಟಿಸುವುದಕ್ಕೆ ಏಳು ಶತಮಾನಗಳಿಗೂ ಮೊದಲೇ ಇಲ್ಲೊಂದು ನಾಡಿದ್ದಿತು.

ಆದುದರಿಂದ ವಂಶಮೂಲವನ್ನು ಅರಸುವವರು ಓಲೆ-ಕಡತಗಳೊಡನೆ ಕೆರೆಯೇರಿ, ಹೊಲದ ಬದು, ಗುಡಿಯಂಗಳಗಳ ಕಲ್ಲುಗಳನ್ನೂ ಓದಬೇಕು. ಅಡಿಪಾಯದಲ್ಲಿ ಹುಗಿದುಹೋಗುವ ಒಂದೊಂದು ಶಾಸನದೊಡನೆ ಪೂರ್ವಿಕರ ಹೆಸರೂ ಅಳಿಯುವುದು.